ಓಣಿಯ ಬಾಯಲ್ಲಿ ಕಷಾಯದ ಚರಟ

ದೆಶೆಂಗನ ಅಮ್ಮ ಊರಿನಿಂದ ಬಸ್ ಡ್ರೈವರನ ಕೈಯಲ್ಲಿ ಬೇರು-ನಾರಿನ ಒಂದು ಪೊಟ್ಟಣ ಕಳಿಸಿದ್ದಳು. ಒಳಗೆ ಚೀಟಿ ಇರಲಿಲ್ಲ. ಅವನ ಹೆಂಡತಿ ಯೂಪಿಂಗ್ ಈಗ ಎರಡು ತಿಂಗಳ ಬಸುರಿ. ಮೂರು ತಿಂಗಳು ತುಂಬುವವರೆಗೆ ಹೊರಗೆ ಬಾಯಿಬಿಡಬಾರದೆಂದು ಅಮ್ಮನಿಗೆ ಮಾತ್ರ ತಿಳಿಸಿದ್ದರು. ಹಾಗಾಗಿ ಇದು ಗರ್ಭ ಕಾಪಾಡುವ ಕಷಾಯವೇ ಎಂದು ದೆಶೆಂಗ್ ತೀರ್ಮಾನಿಸಿಬಿಟ್ಟ. ಅಮ್ಮನಿಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಿದ್ದರೆ ಅವನು ದೆಶೆಂಗ್ ಹೇಗಾದಾನು?

ಭಾನುವಾರ ಬೆಳಿಗ್ಗೆ ಮಣ್ಣಿನ ಕುಡಿಕೆಯಲ್ಲಿ ಒಂದು ಗಂಟೆ ಕುದಿಸಿ, ಬಟ್ಟಲು ತುಂಬಿ ಹೆಂಡತಿಯ ಮುಂದಿಟ್ಟ.

"ಡಾಕ್ಟರು ಅವರನ್ನ ಕೇಳದೆ ಏನೂ ಕುಡೀಬೇಡಿ ಅಂದಿದಾರಲ್ರೀ."

"ಬೇರು-ನಾರು ಕಣೇ. ಇದರಿಂದ ಏನಾಗತ್ತೆ? ಸುಮ್ನೆ ಕುಡಿ."

ಯೂಪಿಂಗ್ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ತಿಂಡಿ ಮುಗಿಸಿದ ದೆಶೆಂಗ್ ಕಷಾಯದ ಚರಟ ಸುರಿಯಲು ಓಣಿಯ ಬಾಯಿಗೆ ಇಳಿದ. ನಾಲ್ಕು ಜನ ತುಳಿದರೆ ಮನೆಯ ಕಾಯಿಲೆ ಅವರ ಕಾಲಿಗಂಟಿ ಹೊರಟುಹೋಗುತ್ತದೆಂಬುದು ಚೀನಾದ ಫೋಶಾನ್ ನಗರದ ಆ ಓಣಿಯ ನಂಬಿಕೆ.

ಎದುರು ಮನೆಯ ಲಿಯಾವ್ ಅಜ್ಜಿ ಮೂವತ್ತು ವರ್ಷ ಗಿಡಮೂಲಿಕೆ ಅಂಗಡಿಯಲ್ಲಿ ತಕ್ಕಡಿ ಹಿಡಿದವಳು. ಚಪ್ಪಲಿಯ ತುದಿಯಿಂದ ಚರಟ ಕೆದಕಿದಳು.

"ಮಾಚಿಪತ್ರೆ, ಶುಂಠಿ, ಕುಸುಬೆ ಹೂವು... ಯಾರಪ್ಪಾ ಕುಡಿದಿದ್ದು?"

"ಯೂಪಿಂಗ್. ಸ್ವಲ್ಪ ಹೊಟ್ಟೆನೋವು, ಅಜ್ಜಿ."

"ಸದ್ಯ, ಬಸುರಿ ಅಲ್ವಲ್ಲ. ಬಸುರಿಗೆ ಕುಸುಬೆ ಹೂವು ಕೊಟ್ರೆ ಗರ್ಭಕ್ಕೇ ಸಂಚಕಾರ."

ದೆಶೆಂಗನ ಕೈಯಿಂದ ಕುಡಿಕೆ ಜಾರಿ ಬಿತ್ತು. ಅವನ ಮುಖ ನೋಡಿದ ಅಜ್ಜಿಗೆ ಬೇರೇನೂ ಹೇಳಬೇಕಾಗಲಿಲ್ಲ.

"ಅಯ್ಯೋ ಪಾಪಿ, ಓಡೋ!"

ಅವನು ಮೂರು ಮಹಡಿ ಹತ್ತುವಷ್ಟರಲ್ಲಿ ಅರ್ಧ ಓಣಿಯೇ ಬೆನ್ನ ಹಿಂದೆ ಹತ್ತಿತ್ತು. ಯೂಪಿಂಗ್ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಕಷಾಯ ಕುಡಿದ್ಯಾ?" ಬಾಗಿಲಲ್ಲೇ ಕೂಗಿದ ದೆಶೆಂಗ್.

"ಇಲ್ಲ."

ಅವನು ಅಲ್ಲೇ ಕುಸಿದು ಕೂತು ಅತ್ತೇಬಿಟ್ಟ.

"ಅತ್ತೆ ಕಳಿಸಿದ್ದನ್ನ ಚೆಲ್ಲೋಕೆ ಮನಸ್ಸು ಬರ್ಲಿಲ್ಲ," ಎಂದಳು ಯೂಪಿಂಗ್. "ಬೇರು-ನಾರಿಂದ ಏನಾಗತ್ತೆ ಅಂದ್ರಲ್ಲ, ಬೆಲ್ಲ ಹಾಕಿ ತಿಂಡಿ ಜೊತೆ ನಿಮಗೇ ಕೊಟ್ಟೆ. ಟೀ ಚೆನ್ನಾಗಿದೆ ಅಂತ ಇನ್ನೊಂದು ಲೋಟ ಬೇರೆ ಹಾಕಿಸ್ಕೊಂಡ್ರಿ."

ಅಷ್ಟರಲ್ಲಿ ಮೇಜಿನ ಮೇಲಿದ್ದ ದೆಶೆಂಗನ ಫೋನ್ ರಿಂಗಾಯಿತು. ಯೂಪಿಂಗಳ ಕೈಯೆಲ್ಲ ಸೊಪ್ಪಿನ ಮಣ್ಣು, ಸ್ಪೀಕರ್ ಒತ್ತಿದಳು. ಅಮ್ಮನ ಗಟ್ಟಿ ದನಿ ಮನೆ ತುಂಬಿತು.

"ದೆಶೆಂಗ್, ಪೊಟ್ಟಣ ಬಂತೇನೋ? ಬಿಸಿನೀರಿಗೆ ಹಾಕಿ ದಿನಾ ಕಾಲು ನೆನೆಸ್ಕೋ. ನಿನ್ನ ಕಾಲಿನ ನಾತಕ್ಕೆ ಹುಡುಗಿಗೆ ವಾಂತಿ ನಿಲ್ತಿಲ್ಲವಂತೆ. ಅವಳನ್ನ ಮಾತ್ರ ದೂರ ಇಡು, ಅದರಲ್ಲಿ ಕುಸುಬೆ ಇದೆ."

ಬಾಗಿಲಲ್ಲಿ ನಿಂತಿದ್ದವರು ನಕ್ಕು ನಕ್ಕು ಸುಸ್ತಾಗಿ, ಬಸುರಿಯ ಸುದ್ದಿ ಹಂಚಲು ಕೆಳಗಿಳಿದರು. ಯೂಪಿಂಗ್ ಮಾತ್ರ ನಗಲಿಲ್ಲ.

"ನಾನು ಬೇಡ ಅಂದೆ. ನೀವು ಕಿವಿಗೇ ಹಾಕ್ಕೊಳ್ಳಲಿಲ್ಲ. ಕುಡಿದಿದ್ರೆ?"

ಭೂಮಿ ಬಾಯಿಬಿಡಬಾರದೇ ಎನಿಸಿತು ದೆಶೆಂಗನಿಗೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಹೊಟ್ಟೆ ಗುಡುಗುಡು ಎಂದಿತು. ಆ ಮಾತನ್ನು ಅವನು ಸಂಜೆಯವರೆಗೂ ಕಕ್ಕಸಿನ ಬಾಗಿಲ ಹಿಂದಿನಿಂದಲೇ ಹೇಳಬೇಕಾಯಿತು.