ದೇಹಸ್ಥಿತಿ: ಅತ್ಯುತ್ತಮ

ಅರ್ಜಿಯ ಮುಂದೆ ಕೂತಾಗ ಮನುಷ್ಯ ತಾನಿರುವಂತೆ ಇರುವುದಿಲ್ಲ. ಪೆನ್ನು ಹಿಡಿದ ಕೂಡಲೇ ನನ್ನ ಎತ್ತರ ಒಂದಿಂಚು ಹೆಚ್ಚುತ್ತದೆ, ಗುರುತಿನ ಮಚ್ಚೆ ಮರ್ಯಾದಸ್ಥ ಜಾಗಕ್ಕೆ ಸರಿಯುತ್ತದೆ. ಅಗ್ರಹಾರದ ನಮ್ಮ ಮನೆಯಲ್ಲಿ ರೇಷನ್ ಕಾರ್ಡಿನಿಂದ ಗ್ಯಾಸಿನವರೆಗೆ ಅರ್ಜಿ ತುಂಬುವುದು ನನ್ನ ಕೆಲಸ. ತುಂಬಿದ್ದಕ್ಕೆ ಸಹಿ ಹಾಕುವುದು ಹೆಂಡತಿ ಗಿರಿಜೆಯ ಕೆಲಸ. ಅವಳು ಓದದೆ ಸಹಿ ಹಾಕುತ್ತಿದ್ದಳು. ಇದನ್ನು ನಾನು ವಿಶ್ವಾಸ ಎಂದು ತಿಳಿದಿದ್ದೆ. ಸೋಮಾರಿತನ ಎಂದು ಅವಳು ಹೇಳುತ್ತಾಳೆ. ಬೇಸರವಿರಬಹುದೆಂದು ಈಗ ಅನ್ನಿಸುತ್ತದೆ.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ, ಯಾವುದೆಂದು ಹೇಳಲಾರೆ, ನನ್ನ ನೆನಪು ಇಸವಿಗಳನ್ನು ತನಗೆ ಅನುಕೂಲವಾದಂತೆ ಜೋಡಿಸಿಕೊಳ್ಳುತ್ತದೆ, ನಮ್ಮ ಕಚೇರಿಯ ಮನರಂಜನಾ ಸಂಘದವರು ಹಿಮಾಲಯ ಚಾರಣದ ಅರ್ಜಿ ಹಂಚಿದರು. ಹುರುಳಿಕಾಯಿ ಹೆಚ್ಚುತ್ತಿದ್ದ ಗಿರಿಜೆ ತಲೆಯೆತ್ತಿದಳು. "ಒಂದ್ಸಲ ಹಿಮ ಮುಟ್ಬೇಕು ಕಣ್ರೀ. ಅಷ್ಟೇ. ಆಮೇಲೆ ಎಲ್ಲಿಗೂ ಕರ್ಕೊಂಡು ಹೋಗಿ ಅಂತ ಕೇಳಲ್ಲ." ಮದುವೆಯಾದ ಮೇಲೆ ಅವಳು ಏನನ್ನಾದರೂ ಮುಟ್ಟಬೇಕು ಎಂದು ಕೇಳಿದ್ದು ಅದೇ ಮೊದಲು.

ಅರ್ಜಿಯಲ್ಲೊಂದು ಕಾಲಂ ಇತ್ತು. ದೇಹಸ್ಥಿತಿ: ಸಾಧಾರಣ, ಉತ್ತಮ, ಅತ್ಯುತ್ತಮ. ಅತ್ಯುತ್ತಮರು ಹಿಮವಿರುವ ತುದಿಗೆ. ಉಳಿದವರು ಕೆಳಗಿನ ಹುಲ್ಲುಗಾವಲಿನ ಶಿಬಿರದಲ್ಲಿ ಗಾಳಿ ಸೇವನೆಗೆ. ನಾನು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಬಲ್ಲವನು. ಸಂಶಯವಿಲ್ಲದೆ ಅತ್ಯುತ್ತಮಕ್ಕೆ ಗುರುತು ಹಾಕಿದೆ. ಗಿರಿಜೆಗೆ? ಮನೆಯಲ್ಲೇ ಇರುವವಳು, ವ್ಯಾಯಾಮವೆಂಬುದಿಲ್ಲ. ಸಾಧಾರಣ.

ಇಲ್ಲಿ ಎರಡು ವಿಷಯ ಹೇಳಬೇಕು. ಮೆಟ್ಟಿಲು ಹತ್ತುತ್ತಿರುವ ನನ್ನನ್ನು ಈಗಲೂ ಸ್ಪಷ್ಟವಾಗಿ ಕಾಣಬಲ್ಲೆ: ಎತ್ತಿ ಕಟ್ಟಿದ ಪಂಚೆ, ಬೆವರಿದ ಬೆನ್ನು. ಆದರೆ ತನ್ನದೇ ಬೆನ್ನು ಕಾಣುವ ನೆನಪು ನಂಬತಕ್ಕದ್ದಲ್ಲ. ನಾನು ಹತ್ತುತ್ತಿದ್ದದ್ದು ಸಿಟಿ ಬಸ್ಸಿನಲ್ಲಿ, ಮೆಟ್ಟಿಲಲ್ಲಿ ಇಳಿಯುತ್ತಿದ್ದೆ. ಗಿರಿಜೆ ಆಷಾಢದ ಪ್ರತಿ ಶುಕ್ರವಾರ ಬೆಳಕು ಹರಿಯುವಾಗ ಪಾದದಿಂದ ಹೊರಟು, ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಮೇಲೆ ಬರುತ್ತಿದ್ದಳು. ಸಾವಿರ ಸಲ ಬಗ್ಗಿ, ಸಾವಿರ ಸಲ ಎದ್ದು. ಫ್ಲಾಸ್ಕ್ ಹಿಡಿದು ಮೇಲೆ ಕಾಯುತ್ತಿದ್ದವನು ನಾನು. ಅದು ಭಕ್ತಿಯಾಗಿತ್ತು. ಭಕ್ತಿಗೆ ಅರ್ಜಿಯಲ್ಲಿ ಕಾಲಂ ಇರಲಿಲ್ಲ.

ಸಂಘದ ಕಾರ್ಯದರ್ಶಿ ಮಾದೇವಪ್ಪ ಅರ್ಜಿ ನೋಡಿ ನಕ್ಕ. "ಏನ್ ಸಾ, ಅತ್ಯುತ್ತಮಾನಾ? ಮಹಡಿ ಮೇಲಿಂದ ಫೈಲ್ ತರಾಕೂ ಅಟೆಂಡರ್ ಕಳುಸ್ತೀರಲ್ಲ!" ಇದು ಅಸೂಯೆ ಎಂದು ತಿಳಿದೆ.

ಹುಲ್ಲುಗಾವಲಿನವರೆಗೆ ಎಲ್ಲರದೂ ಒಂದೇ ದಾರಿ. ಗಿರಿಜೆ ಸೀರೆಯ ಮೇಲೆ ನನ್ನ ಹಳೆಯ ಸ್ವೆಟರ್ ಹಾಕಿಕೊಂಡು ಮುಂದೆ ಮುಂದೆ ನಡೆದಳು. ಎರಡನೆಯ ತಿರುವಿನಿಂದಾಚೆಗೆ ನನ್ನ ಚೀಲವೂ ಅವಳ ಹೆಗಲಲ್ಲಿತ್ತು. "ಅಕ್ಕಾವ್ರು ಎಂಗೆ ನಡೀತಾರೆ ನೋಡಿ ಸಾ," ಎಂದ ಮಾದೇವಪ್ಪ, "ನಾಳೆ ಮೇಲಕ್ಕೂ ಬರ್ಲಿ ಬುಡಿ, ನಿಮ್ ಬದ್ಲು!" ಎಲ್ಲರೂ ನಕ್ಕರು. ಗಿರಿಜೆ ನಗಲಿಲ್ಲ, ನನ್ನತ್ತ ನೋಡಿದಳು. "ಬೇಡ, ಅವಳಿಗೆ ಅಭ್ಯಾಸವಿಲ್ಲ" ಎಂದು ಯಾರೋ ಹೇಳಿದರು. ನನ್ನ ನೆನಪಿನಲ್ಲಿ ಹಾಗೆಂದವನು ಮಾದೇವಪ್ಪ. ಅವಳ ನೆನಪಿನಲ್ಲಿ ನಾನು. ಅವಳದನ್ನೇ ನಂಬುವುದು ವಾಸಿ.

ಮರುದಿನ ಹತ್ತು ಗಂಟೆಯ ಹೊತ್ತಿಗೆ ನಾನೊಂದು ಬಂಡೆಯ ಮೇಲೆ ಕೂತೆ. ಮತ್ತೆ ಏಳಲಿಲ್ಲ. ಎದೆಯೊಳಗೆ ಯಾರೋ ಒನಕೆಯಲ್ಲಿ ಕುಟ್ಟುತ್ತಿದ್ದರು. ಹಿಮ ಬಹಳ ಮೇಲೆ, ಒಗೆದು ಹರವಿದ ಪಂಚೆಯ ಹಾಗೆ ಕಾಣುತ್ತಿತ್ತು. ನನ್ನನ್ನು ಹೇಸರಗತ್ತೆಯ ಮೇಲೆ ಕೂರಿಸಿ ಕೆಳಗೆ ಕಳಿಸಿದರು. ಶಿಬಿರ ಕಾಣುವ ತಿರುವಿನಲ್ಲಿ ಅದರಿಂದ ಇಳಿದು ಉಳಿದ ದಾರಿ ನಡೆದೆ. ಇಳಿಜಾರು ನನಗೆ ಅಭ್ಯಾಸ.

ಗಿರಿಜೆ ಟೀ ಲೋಟ ಹಿಡಿದು ಓಡಿ ಬಂದಳು. "ಇಷ್ಟು ಬೇಗ ಬಂದ್ಬುಟ್ರಾ! ಮುಟ್ಟಿದ್ರಾ?"

"ಮುಟ್ಟಿದೆ."

"ಹೇಗಿತ್ತು?"

"ತಣ್ಣಗಿತ್ತು."

"ಅಷ್ಟೇನಾ?"

ಅಷ್ಟೇ ಎಂದೆ. ಸಂಜೆ ಉಳಿದವರು ಬಂದರು. ಮಾದೇವಪ್ಪ ಕೆಂಪಾದ ಅಂಗೈ ಚಾಚಿದ. "ಹಿಡ್ಕೊಂಡ್ರೆ ಬೆಂಕಿ ಉರ್ದಂಗೆ ಉರೀತದೆ ಕಣಕ್ಕ!" ಗಿರಿಜೆ ಅವನ ಅಂಗೈಯನ್ನು ಬಹಳ ಹೊತ್ತು ನೋಡಿದಳು. ನನ್ನ ಅಂಗೈ ತೋರಿಸಿ ಎನ್ನಲಿಲ್ಲ. ನಾನದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಮುಂದಿನ ವರ್ಷ ನೋಡೋಣ ಎಂದಿದ್ದೆ. ಮುಂದಿನ ವರ್ಷಗಳು ಬಂದು ಹೋದವು. ಅವಳ ಮಂಡಿಗಳೂ ಹೋದವು. ಮೆಟ್ಟಿಲು ಕನಸಿನಲ್ಲೂ ಬೇಡ ಎಂದರು ಡಾಕ್ಟರು. ಹೋದ ಆಷಾಢ ಶುಕ್ರವಾರ ಅವಳೂ ನನ್ನ ಜೊತೆ ಬಸ್ಸಿನಲ್ಲಿ ಬೆಟ್ಟಕ್ಕೆ ಬಂದಳು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ದರ್ಶನ ಮುಗಿದ ಮೇಲೆ ಮೆಟ್ಟಿಲಿನ ತಲೆಯಲ್ಲಿ ನಿಂತು ಹೇಳಿದಳು: "ನಾನು ಬಸ್ಸಲ್ಲೇ ಬರ್ತೀನಿ. ನೀವು ಹೀಗೆ ಇಳೀರಿ. ಕೆಳಗಡೆ ಯಾರಾದ್ರೂ ಸಿಕ್ಕಿದ್ರೆ ಹತ್ತಿದ್ದೆ ಅಂತ ಹೇಳ್ಬಹುದು."

ಬರಿಗಾಲಲ್ಲಿ ಇಳಿದೆ. ಪ್ರತಿ ಮೆಟ್ಟಿಲಲ್ಲೂ ಯಾರೋ ಬಗ್ಗಿ ಹಚ್ಚಿದ ಅರಿಶಿನ ಕುಂಕುಮ, ಇನ್ನೂ ಹಸಿ. ಎಣಿಸಲು ಹೊರಟು ಮುನ್ನೂರರ ಆಚೆ ಲೆಕ್ಕ ತಪ್ಪಿತು. ಕೆಳಗೆ ಬಂದಾಗ ನನ್ನ ಪಾದಗಳೆರಡೂ ಹಳದಿಯಾಗಿದ್ದವು, ಥೇಟು ಹತ್ತಿದವರ ಪಾದಗಳ ಹಾಗೆಯೇ. ಅಲ್ಲೇ ಒಂದು ನಲ್ಲಿಯಿತ್ತು.

ತೊಳೆಯದೆ ಮನೆಗೆ ಬಂದೆ.