ಎಲ್ಲರಿಗೂ ಬಂದ 980

ಫಿಸಿಕ್ಸ್ ಕಲಿಸುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವು ಲ್ಯಾಬಿನ ಬಾಗಿಲಲ್ಲೇ ಕಾಯುತ್ತಿರುತ್ತವೆ. ಅರವತ್ತರ ದಶಕದ ಕೊನೆಗೆ ಮೂಡುಬಿದಿರೆಯಲ್ಲಿ ಪಾಠ ಮಾಡುತ್ತಿದ್ದಾಗ ನನಗೆ ನಗುವಷ್ಟು ತ್ರಾಣ ಉಳಿಯುತ್ತಿರಲಿಲ್ಲ, ಅಷ್ಟೆ.

೧. ಇದೇ ಭೂಮಿ

ಲೋಲಕ ತೂಗಿಸಿ ಗುರುತ್ವ ಅಳೆಯುವ ಪ್ರಯೋಗ. ಉತ್ತರ 980 ಬರಬೇಕೆಂದು ಎಲ್ಲರಿಗೂ ಗೊತ್ತು, ಹಾಗಾಗಿ ಎಲ್ಲರಿಗೂ ಬರುತ್ತಿತ್ತು. ಒಮ್ಮೆ ಲ್ಯಾಬಿಗಿದ್ದ ಒಂದೇ ಸ್ಟಾಪ್ ವಾಚು ರಿಪೇರಿಗೆಂದು ಬಿ.ಸಿ.ರೋಡಿಗೆ ಹೋಗಿತ್ತು. ಆ ವಾರವೂ ಬೆಳುವಾಯಿಯ ಹುಡುಗನೊಬ್ಬ 980 ಬರೆದು ತಂದ.

"ವಾಚೇ ಇಲ್ಲದೆ ಹೇಗೆ ಬಂತು ಮಾರಾಯ?"

"ಅಣ್ಣನ ರೆಕಾರ್ಡಿನಲ್ಲಿ ಉಂಟಲ್ಲ ಸಾರ್. ಅವನು ಮಾಡಿದ್ದೂ ಇದೇ ಭೂಮಿಯಲ್ಲಿ ಅಲ್ವಾ?"

ಅವನ ರೆಕಾರ್ಡು ಎಳೆದುಕೊಂಡೆ. ಸಹಿ ಹಾಕಿದೆ.

೨. ತೆಂಗಿನೆಣ್ಣೆ

ಮಳೆಗಾಲದಲ್ಲಿ ಹಲಗೆ ಊದಿಕೊಂಡು, ಘರ್ಷಣೆಯ ಪ್ರಯೋಗದ ಮರದ ತುಂಡು ಎಷ್ಟು ಓರೆ ಮಾಡಿದರೂ ಜಾರುತ್ತಿರಲಿಲ್ಲ. ಒಂದು ದಿನ ಮುಟ್ಟುವ ಮೊದಲೇ ಸರ್ರನೆ ಜಾರಿ ನನ್ನ ಕಾಲ ಮೇಲೆ ಬಿತ್ತು.

"ಮಕ್ಕಳು ಬೆಳಗ್ಗಿನಿಂದ ಕಷ್ಟಪಡ್ತಾ ಇದ್ರು, ಸ್ವಲ್ಪ ಎಣ್ಣೆ ಹಾಕಿದೆ" ಎಂದ ಅಟೆಂಡರ್.

ಕಾಲು ಹಿಡಿದುಕೊಂಡೇ ಅವನಿಗೆ ಘರ್ಷಣೆಯ ಪಾಠ ಮಾಡಿದೆ. ತಾಳ್ಮೆಯಿಂದ ಕೇಳಿ ಹೇಳಿದ: "ಒರೆಸ್ತೇನೆ ಸಾರ್. ಆಮೇಲೆ ಜಾರುವುದಿಲ್ಲ ಅಂತ ನನ್ನನ್ನು ಕರೀಬೇಡಿ."

೩. ನಿಜ ಬರೆದವಳು

"ಬಂದದ್ದನ್ನೇ ಬರೆಯಿರಿ, ನಾನಿದ್ದೇನೆ" ಎಂದು ವರ್ಷವಿಡೀ ಬಡಿದುಕೊಂಡಿದ್ದೆ. ನಂಬಿದವಳು ಬಂಟ್ವಾಳದ ಒಬ್ಬ ಹುಡುಗಿ ಮಾತ್ರ. ಅಂತಿಮ ಪರೀಕ್ಷೆಯಲ್ಲಿ ಅವಳ ಲೋಲಕಕ್ಕೆ 1050 ಬಂತು, ಹಾಗೇ ಬರೆದಳು. ಹೊರಗಿನಿಂದ ಬಂದ ಪರೀಕ್ಷಕರು ಫೇಲು ಮಾಡಲು ಪೆನ್ನು ತೆಗೆದರು. ಅವಳ ಕಣ್ಣು ತುಂಬಿತು. ನನ್ನ ಮಾತು ನಂಬಿ ಕೆಟ್ಟಳಲ್ಲ ಎಂದು ನನಗೆ ಸಂಕಟವಾಯಿತು.

"ನೀವೇ ಒಮ್ಮೆ ಮಾಡಿ ನೋಡಿ ಸಾರ್" ಎಂದು ಗೋಗರೆದೆ.

ಮಾಡಿದರು, 1050. ಮತ್ತೆ ಮಾಡಿದರು, 1050. ಕೊನೆಗೆ ಅಳತೆಗೋಲನ್ನು ಕಣ್ಣಿನ ಹತ್ತಿರ ಹಿಡಿದರು. ಅದು ಶುರುವಾಗುವುದೇ ಏಳನೇ ಸೆಂಟಿಮೀಟರಿನಿಂದ. ಕೋಲು ನೂರೆಂದು ತೋರಿಸುತ್ತಿದ್ದ ದಾರ ನಿಜಕ್ಕೂ ತೊಂಬತ್ತಮೂರು.

"ತುದಿಯನ್ನು ಒರಲೆ ತಿಂದಿತ್ತು, ನಾನೇ ಕೊಯ್ದು ನೇರ ಮಾಡಿದೆ" ಎಂದ ಅಟೆಂಡರ್, ಹೆಮ್ಮೆಯಿಂದ. "ಮೂರು ವರ್ಷ ಆಯ್ತು ಸಾರ್."

ಹುಡುಗಿಗೆ ಪೂರ್ತಿ ಮಾರ್ಕು ಸಿಕ್ಕಿತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಪರೀಕ್ಷಕರ ಕಣ್ಣು ಗೋಡೆಗೆ ಹೋಯಿತು. ಹಿಂದಿನ ವರ್ಷ ಮಕ್ಕಳಿಗೆ ಮಾದರಿಯೆಂದು ನಾನು ಬರೆದು ಅಂಟಿಸಿದ ಪ್ರಯೋಗ ಅಲ್ಲಿತ್ತು. ಉತ್ತರ 980, ಕೆಳಗೆ ನನ್ನ ಸಹಿ.

"ಇದನ್ನು ಯಾವ ಕೋಲಿನಲ್ಲಿ ಅಳೆದಿರಿ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅಟೆಂಡರ್ ನನ್ನ ಮಾನ ಕಾಯಲು ಮುಂದೆ ಬಂದ.

"ನಮ್ಮ ಸಾರಿಗೆ ಕೋಲು ಯಾಕೆ ಸಾರ್? ಅವರಿಗೆ ಬಾಯಿಪಾಠ ಉಂಟು."