ಬಾಂಬಿಗೆ ಹೆದರಿದ ಕಿಟಕಿಗಳು

ಬಾಂಬು ಬಿದ್ದ ಊರಿಗಿಂತ ಬೀಳದ ಊರಿನಲ್ಲೇ ತಮಾಷೆ ಹೆಚ್ಚು. ನಲವತ್ತೆಂಟರಲ್ಲಿ, ನಿಜಾಮರ ರಾಜ್ಯದ ಮೇಲೆ ಹಿಂದುಸ್ತಾನ ನಡೆಸಿದ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ, ನಾನು ಅದೇ ರಾಜ್ಯದ ಕಲಬುರಗಿಯಲ್ಲಿ ಕಿಟಕಿಗೆ ಗಾಜು ಕೂಡಿಸುತ್ತಿದ್ದೆ. ಹಿಂದುಸ್ತಾನದ ವಿಮಾನಗಳು ಬಾಂಬು ಹಾಕುತ್ತವೆ ಅಂತ ಸುದ್ದಿ ಹಬ್ಬಿತು. ಗಾಜು ಒಡೆದರೂ ಚೂರು ಸಿಡಿಯಬಾರದು ಅಂತ ಅದಕ್ಕೆ ಕಾಗದದ ಪಟ್ಟಿ ಅಂಟಿಸುವ ಕೆಲಸ ನನಗೆ ಗಂಟುಬಿತ್ತು. ಗಾಜು ಇದ್ದದ್ದು ಉಳ್ಳವರ ಮನೆ, ಕಚೇರಿಗಳಲ್ಲಷ್ಟೇ. ಹಾಗಾಗಿ ಉಳ್ಳವರ ಹೆದರಿಕೆಯನ್ನೇ ನಾನು ಹತ್ತಿರದಿಂದ ಕಂಡೆ.

ಸಾಹೇಬರ ಕೋಣೆ

ಒಂದು ಕಚೇರಿಯ ಸಾಹೇಬರು ತಮ್ಮ ಕೋಣೆಯ ಕಿಟಕಿಗಳಿಗೆಲ್ಲ ಒತ್ತೊತ್ತಾಗಿ ಪಟ್ಟಿ ಹಚ್ಚಿಸಿಕೊಂಡರು. ಹೊರಗೆ ಗುಮಾಸ್ತರು ಬರಿಗಾಜಿನ ಕೆಳಗೇ ಕುಳಿತಿದ್ದರು.

"ಇವರ ಕಿಟಕಿಗೂ ಹಚ್ಚಲೇನ್ರೀ ಸಾಹೇಬ್ರ?" ಅಂದೆ.

"ಬ್ಯಾಡ. ಅವರು ಯಾವಾಗ್ಲೂ ತಲಿ ಬಗ್ಗಿಸ್ಕೊಂಡೇ ಕುಂತಿರ್ತಾರ."

ಗೌಡರ ಒಂದೇ ಗಾಜು

ಕಮಲಾಪುರದ ಗೌಡರೊಬ್ಬರು ಇದ್ದೊಂದು ಗಾಜಿನ ಕಿಟಕಿಗಾಗಿ ಬಂಡಿ ಕಳಿಸಿ ನನ್ನನ್ನು ಕರೆಸಿದರು. ಪಟ್ಟಿ ಅಂಟಿಸುತ್ತ ಮೇಲೆ ನೋಡಿದರೆ ಮಾಳಿಗೆಯ ತೊಲೆಯನ್ನು ಗೆದ್ದಲು ತಿಂದುಬಿಟ್ಟಿದೆ.

"ಗೌಡ್ರ, ಬಾಂಬ್ ಯಾಕ್ ಬೇಕು, ವಿಮಾನದ ಸಪ್ಪಳಕ್ಕೇ ಮಾಳಿಗಿ ಕುಸೀತದ್ರೀ!"

"ಕುಸೀಲಿ ಬಿಡೋ. ಮಾಳಿಗಿ ಇಲ್ಲೀ ಮಣ್ಣಿಂದು. ಗಾಜು ಹೈದರಾಬಾದಿಂದು!"

ಒಳಗಿನಿಂದ ಗೌಡತಿ ಅಂದಳು: "ನಾ ಇಲ್ಲೇ ಬಾಜೂಕಿನ ಮಹಾಗಾಂವದಾಕಿ. ಹೈದರಾಬಾದಿನಾಕಿ ಆಗಿದ್ರ ನನಗೂ ಒಂದ್ ಪಟ್ಟಿ ಹಚ್ಚಿಸ್ತಿದ್ರು."

ವಕೀಲರ ಪೇಪರು

ಶರಣಬಸವೇಶ್ವರ ಗುಡಿಯ ಹಾದಿಯಲ್ಲಿ ಒಬ್ಬ ವಕೀಲರಿದ್ದರು. ನಿಜಾಮರ ಗೆಲುವಿನ ಸುದ್ದಿಯೇ ತುಂಬಿದ ಪೇಪರುಗಳನ್ನು ಕೊಟ್ಟು, "ಒಳಗಿಂದ ಅಂಟ್ಸು. ಅಕ್ಷರ ಹೊರಗ ಕಾಣ್ಬೇಕು, ಹಾದಿ ಮಂದಿ ಓದ್ಲಿ" ಅಂದರು. ಅಂಟಿಸಿದೆ.

ಬಾಂಬು ಬೀಳಲಿಲ್ಲ. ಹಿಂದುಸ್ತಾನದ ಫೌಜೇ ಊರಿಗೆ ಬಂತು. ವಕೀಲರು ಗಾಂಧಿ ಟೋಪಿ ಹಾಕಿಕೊಂಡು ನನ್ನಲ್ಲಿಗೆ ಓಡಿಬಂದರು: "ಲಗೂನ ಬಾ ಮಾರಾಯ, ಪೇಪರ್ ಕೀಳು!"

ನೀರು ಹಾಕಿ ಕೆರೆದೆ. ಜಪ್ಪಯ್ಯ ಅನ್ನಲಿಲ್ಲ. ಓಣಿಯ ತುದಿಯಲ್ಲಿ ಬೂಟಿನ ಸಪ್ಪಳ ಕೇಳಿಸಿತು. ವಕೀಲರು ಅಡುಗೆಮನೆಯಿಂದ ಒನಕೆ ತಂದು ತಾವೇ ಗಾಜಿಗೆ ಬಡಿದರು. ಗಾಜು ಬಿರಿಯಿತೇ ಹೊರತು ಬೀಳಲಿಲ್ಲ, ಅಂಟಿಸಿದ ಪೇಪರು ಹಿಡಿದುಕೊಂಡಿತ್ತು.

"ಇಷ್ಟ್ ಗಟ್ಟಿ ಅಂಟ್ಸು ಅಂತ ನಿನಗ ಹೇಳ್ದವ್ರ್ಯಾರಲೇ!" ಅಂತ ನನ್ನನ್ನೇ ಬೈಯುತ್ತ, ಕಾಗದ ಗಾಜು ಎರಡನ್ನೂ ಪುಡಿಪುಡಿ ಮಾಡಿ ಬೀದಿಗೆ ನೂಕಿದರು.

ಫೌಜಿನ ಜಮಾದಾರನೊಬ್ಬ, ಬೆಳಗಾವಿ ಕಡೆಯವನು, ಬಂದು ನಿಂತ. "ಏನಾತು?"

"ಏನ್ ಹೇಳ್ಲಿ ಸಾಹೇಬ್ರ, ಬಾಂಬ್ ಬಿತ್ತು!" ವಕೀಲರ ಕಣ್ಣಲ್ಲಿ ನಿಜವಾಗಿಯೂ ನೀರು.

ಜಮಾದಾರ ಖಾಲಿ ಕಿಟಕಿ ನೋಡಿದ, ಬೀದಿಯ ತುಂಬ ಚೆಲ್ಲಿದ ಚೂರು ನೋಡಿದ, ಬಂದೂಕು ಹೆಗಲಿಂದ ಇಳಿಸಿದ.

"ಚೂರೆಲ್ಲಾ ಹೊರಗ ಬಿದ್ದಾವಲ್ರೀ ವಕೀಲ್ರ. ಹಂಗಾದ್ರ ಬಾಂಬ್ ಮನಿ ಒಳಗ ಇಟ್ಕೊಂಡಿದ್ದವ್ರು ಯಾರು?"